ಬೆಳ್ಳಗಿರುವುದೆಲ್ಲ ಹಾಲಲ್ಲ

ಮಳೆ ಜೋರಾಗಿದ್ದ ಒಂದು ಸಂಜೆ ನಮ್ಮ ವಾರ್ಡಿನ ಮನೆಯೊಂದರಲ್ಲಿ ಜಪಸರ ಮುಗಿಸಿ ಕುಳಿತಿದ್ದೆವು. ಆ ಮನೆಯ ಏಳನೇ ತರಗತಿಯ ಹುಡುಗ ಶಾಲೆಗೆಂದು ಕೊಲಂಬಸನ ಕುರಿತು ಬರೆದ ಪ್ರಬಂಧವನ್ನು ನಮಗೆ ಓದಿ ಹೇಳಿದ. ಗುಲಾಮಗಿರಿ ಆ ಕಾಲದಲ್ಲಿ ಎಲ್ಲ ಕಡೆಯೂ ಇತ್ತು, ಸಾಯುವುದಕ್ಕಿಂತ ಗುಲಾಮನಾಗುವುದೇ ಮೇಲು ಎಂದು ಅದರಲ್ಲಿತ್ತು.

"ಇದೆಲ್ಲ ಎಲ್ಲಿ ಸಿಕ್ಕಿತು ಮಗಾ?" ಎಂದು ಕೇಳಿದೆವು.

"ಮೊಬೈಲಿನಲ್ಲಿ. ಅಮೆರಿಕದ ಯೂನಿವರ್ಸಿಟಿಯವರ ವಿಡಿಯೋ."

ಯೂನಿವರ್ಸಿಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದೊಡ್ಡವರಾದ ನಾವೆಲ್ಲ ತಲೆಯಾಡಿಸಿದೆವು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಮಾತ್ರ, "ಹಿಡಿದು ಮಾರಿದರಲ್ಲ, ಅವರನ್ನು ಯಾರಾದರೂ ಕೇಳಿದರಾ?" ಎಂದರು. ನಮಗೆ ನಾಚಿಕೆಯಾಯಿತು. ಆ ಪ್ರಶ್ನೆ ನಮ್ಮ ಬಾಯಿಂದ ಬರಬೇಕಿತ್ತು.

ಮನೆಗೆ ಬಂದ ಮೇಲೆ ಹುಡುಕಿ ನೋಡಿದೆವು. ವಿಡಿಯೋ ಮಾಡಿದ ಸಂಸ್ಥೆಯ ಹೆಸರು ಪ್ರೇಗರ್‌ಯು. 2009ರಲ್ಲಿ ರೇಡಿಯೋ ನಿರೂಪಕ ಡೆನ್ನಿಸ್ ಪ್ರೇಗರ್ ಮತ್ತು ಚಿತ್ರಕಥೆ ಬರಹಗಾರ ಅಲೆನ್ ಎಸ್ಟ್ರಿನ್ ಸೇರಿ ಅದನ್ನು ಆರಂಭಿಸಿದರು. ಹೆಸರಿನ ಕೊನೆಯ 'ಯು' ಯೂನಿವರ್ಸಿಟಿಯನ್ನು ನೆನಪಿಸುತ್ತದೆ. ಆದರೆ ಅಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ತಾನು ಮಾನ್ಯತೆ ಪಡೆದ ವಿಶ್ವವಿದ್ಯಾಲಯವಲ್ಲ ಎಂದು ಆ ಸಂಸ್ಥೆಯೇ ಒಪ್ಪಿಕೊಳ್ಳುತ್ತದೆ. ಅಮೆರಿಕದ ಸಂಪ್ರದಾಯವಾದಿ ರಾಜಕೀಯ ವಿಚಾರಗಳನ್ನು ಐದೈದು ನಿಮಿಷಗಳ ಪಾಠದಂತೆ ಮಾಡಿ ಹಂಚುವುದು ಅದರ ಕೆಲಸ. 2023ರಲ್ಲಿ ಫ್ಲೋರಿಡಾ ರಾಜ್ಯವು ಅದರ ಮಕ್ಕಳ ವಿಡಿಯೋಗಳನ್ನು ಶಾಲೆಗಳಲ್ಲಿ ಪೂರಕ ಪಾಠವಾಗಿ ಬಳಸಲು ಒಪ್ಪಿಗೆಯನ್ನೂ ನೀಡಿತು. ಕೊಲಂಬಸನ ಕಾರ್ಟೂನು ಅಂಥ ಮಕ್ಕಳ ವಿಡಿಯೋಗಳಲ್ಲಿ ಒಂದು.

ಯಾವುದೇ ವಿಚಾರವನ್ನು ಪ್ರಚಾರ ಮಾಡುವುದು ತಪ್ಪಲ್ಲ. ಪ್ರಚಾರಕ್ಕೆ ಮೇಷ್ಟ್ರ ವೇಷ ಹಾಕಿದಾಗಲೇ ತೊಂದರೆ. ಮೇಷ್ಟ್ರಾದವರು ಹೇಳಬೇಕಾದದ್ದನ್ನು ಆ ಕಾರ್ಟೂನು ಬಿಟ್ಟುಬಿಟ್ಟಿದೆ. 1495ರಲ್ಲಿ ಕೊಲಂಬಸ್ ಸುಮಾರು 500 ಮಂದಿ ದ್ವೀಪವಾಸಿಗಳನ್ನು ಹಡಗಿಗೆ ತುಂಬಿಸಿ ಸ್ಪೇನಿಗೆ ಕಳುಹಿಸಿದ. ದಾರಿಯಲ್ಲೇ ಬಹಳ ಮಂದಿ ಸತ್ತರು. ಹೀಗೆ ತಂದು ಮಾರಿದವರನ್ನು ಬಿಡುಗಡೆ ಮಾಡಿ ಊರಿಗೆ ಕಳುಹಿಸುವಂತೆ 1500ರಲ್ಲಿ ರಾಣಿ ಇಸಾಬೆಲ್ಲಾಳೇ ಆಜ್ಞೆ ಮಾಡಿದಳು. 1511ರ ಆಗಮನ ಕಾಲದಲ್ಲಿ ಹಿಸ್ಪಾನಿಯೋಲಾ ದ್ವೀಪದ ದೇವಾಲಯದಲ್ಲಿ ದೊಮಿನಿಕನ್ ಗುರು ಅಂತೋನಿಯೊ ದೆ ಮೊಂತೆಸಿನೋಸ್ ಪ್ರಸಂಗ ಪೀಠದಿಂದಲೇ ಒಡೆಯರನ್ನು ಖಂಡಿಸಿದರು. ಹಾಗಿರುವಾಗ ಆ ಕಾಲದಲ್ಲಿ ಅದು ಯಾರಿಗೂ ತಪ್ಪೆಂದು ಕಾಣಲಿಲ್ಲ ಎಂದು ಹೇಳುವುದಾದರೂ ಹೇಗೆ?

ನಾವೇಕೆ ಇಷ್ಟು ಸುಲಭವಾಗಿ ತಲೆಯಾಡಿಸುತ್ತೇವೆ? 1970ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಒಬ್ಬ ನಟನನ್ನು ಕರೆಸಿ, ಡಾ. ಮೈರನ್ ಫಾಕ್ಸ್ ಎಂದು ಹೆಸರಿಟ್ಟು, ದೊಡ್ಡ ವಿದ್ವಾಂಸನೆಂದು ಪರಿಚಯಿಸಿ ಉಪನ್ಯಾಸ ಕೊಡಿಸಿದರು. ಮಾತಿನಲ್ಲಿ ಒಂದಕ್ಕೊಂದು ತಾಳೆಯಾಗದ ವಾಕ್ಯಗಳು, ನಡುನಡುವೆ ನಗೆಚಾಟಿಕೆ. ನೇರವಾಗಿಯೂ ಚಿತ್ರೀಕರಣದ ಮೂಲಕವೂ ಕೇಳಿದ 55 ಮಂದಿಯಲ್ಲಿ ಮನೋವೈದ್ಯರಿದ್ದರು, ಶಿಕ್ಷಣ ತಜ್ಞರಿದ್ದರು. ಹೆಚ್ಚಿನವರು ಉಪನ್ಯಾಸವನ್ನು ಮೆಚ್ಚಿಕೊಂಡರು! 1973ರಲ್ಲಿ ಈ ಪ್ರಯೋಗದ ವರದಿ ಪ್ರಕಟವಾಯಿತು. ಕಲಿತವರೇ ವೇಷಕ್ಕೆ ಮರುಳಾದ ಮೇಲೆ ಮಕ್ಕಳನ್ನು ಬೈದು ಏನು ಪ್ರಯೋಜನ?

ಪುಸ್ತಕದ ಕಪಾಟು, ಕನ್ನಡಕ, ಬಿಳಿ ಕೋಟು, ಓಡುವ ನಕ್ಷೆ, ಗಂಭೀರ ಧ್ವನಿ. ಇವೆಲ್ಲ ಬಾಡಿಗೆಗೂ ಸಿಗುತ್ತವೆ. ಆದ್ದರಿಂದ ವಿಡಿಯೋ ನೋಡುವಾಗ ಮನೆಯವರೆಲ್ಲ ಸೇರಿ ಮೂರು ಪ್ರಶ್ನೆ ಕೇಳೋಣ. ಹೇಳುವವರು ಯಾರು, ಈ ವಿಷಯವನ್ನೇ ಕಲಿತವರೇ? ಹೇಳಿದ ಅಂಕಿ ಅಂಶ ಎಲ್ಲಿಂದ ಬಂತು, ನಾವೇ ಹೋಗಿ ನೋಡಬಹುದೇ? ಒಪ್ಪದವರ ಮಾತನ್ನು ನ್ಯಾಯವಾಗಿ ತಿಳಿಸಿದ್ದಾರೆಯೇ? ನಿಜವಾದ ವಿದ್ವಾಂಸರು "ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ" ಎನ್ನಲು ಅಂಜುವುದಿಲ್ಲ. ಎಡವಾಗಲಿ ಬಲವಾಗಲಿ, ಪರೀಕ್ಷೆ ಒಂದೇ. ನಮಗೆ ತುಂಬ ಹಿಡಿಸಿದ ವಿಡಿಯೋವನ್ನು ಎರಡು ಸಲ ಪರೀಕ್ಷಿಸೋಣ, ಏಕೆಂದರೆ ಮೋಸ ಹೋಗುವುದು ಅಲ್ಲಿಯೇ ಹೆಚ್ಚು.

ಆ ಹುಡುಗನನ್ನು ಯಾರೂ ಗದರಿಸಲಿಲ್ಲ, ಮೊಬೈಲನ್ನೂ ಕಿತ್ತುಕೊಳ್ಳಲಿಲ್ಲ. ಮರುದಿನ ಅವನು ಅಪ್ಪನ ಜೊತೆ ಕುಳಿತು ಪ್ರಬಂಧವನ್ನು ತಿದ್ದಿದ. ಕೊಲಂಬಸನ ಸಾಹಸ ಹಾಗೆಯೇ ಉಳಿಯಿತು, ಮೊಂತೆಸಿನೋಸರ ಪ್ರಸಂಗ ಹೊಸದಾಗಿ ಸೇರಿತು. ಕೊನೆಯ ಸಾಲಿನಲ್ಲಿ ಅಜ್ಜಿಯ ಪ್ರಶ್ನೆಯನ್ನೇ ಬರೆದಿದ್ದಾನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಮೊಬೈಲಿನಲ್ಲಿ ಕಂಡದ್ದಕ್ಕಂತೂ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.