ಹಳೇ ಕಾರಿನ ಏಸಿ: ರಿಪೇರಿ ಮಾಡಿಸೋದಾ, ಕಿತ್ತು ಹಾಕೋದಾ?

ನಮ್ಮ ಮಾದನಾಯಕನಹಳ್ಳಿ ಕಡೆ ರೈತರ ಮನೆಗಳಲ್ಲಿ ಹಳೇ ಕಾರು ಈಗ ಅಪರೂಪವಲ್ಲ. ಬೆಳಗ್ಗೆ ಅದರಲ್ಲೇ ಎರಡು ಮೂಟೆ ತರಕಾರಿ, ಮಧ್ಯಾಹ್ನ ಅದರಲ್ಲೇ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು. ಇಂಥ ಗಾಡಿಯ ಏಸಿ ಕೆಟ್ಟಾಗ ಎರಡು ಸಲಹೆ ಬರುತ್ತವೆ. ‘ಕಿತ್ತು ಬಿಸಾಕು, ಮೈಲೇಜ್ ಬರುತ್ತೆ’ ಅಂತ ಕೆಲವರು. ‘ಗ್ಯಾಸ್ ತುಂಬಿಸು, ಸರಿಹೋಗುತ್ತೆ’ ಅಂತ ಇನ್ನು ಕೆಲವರು. ಎರಡೂ ಅವಸರದ ಮಾತು ಎಂದು ನನ್ನ ಅಭಿಪ್ರಾಯ.

ಮೊದಲು ಮೈಲೇಜ್ ವಿಚಾರ. ಏಸಿ ಸ್ವಿಚ್ ಆಫ್ ಇದ್ದಾಗ ಕಂಪ್ರೆಸರಿನ ಕ್ಲಚ್ ಬಿಟ್ಟುಕೊಂಡಿರುತ್ತದೆ. ಪುಲ್ಲಿ ಮಾತ್ರ ಸುಮ್ಮನೆ ತಿರುಗುತ್ತದೆ. ಹಾಗಾಗಿ ಕಿತ್ತು ಹಾಕಿದರೂ ಉಳಿಯುವ ಪೆಟ್ರೋಲ್ ಬಹಳ ಕಡಿಮೆ.

ಇನ್ನು ಗ್ಯಾಸ್. ಅದು ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ, ಮುಚ್ಚಿದ ಪೈಪಿನೊಳಗೇ ಸುತ್ತುತ್ತದೆ. ಹಳೇ ಗಾಡಿಯಲ್ಲಿ ವರ್ಷಗಳ ಮೇಲೆ ಸ್ವಲ್ಪ ಜಿನುಗುವುದು ಸಹಜ. ಆದರೆ ತುಂಬಿಸಿದ ಗ್ಯಾಸ್ ಒಂದೇ ಬೇಸಿಗೆಗೆ ಖಾಲಿಯಾದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಅದನ್ನು ಹುಡುಕದೆ ಮತ್ತೆ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ. ನೈಟ್ರೋಜನ್ ಒತ್ತಡ ಕೊಟ್ಟು, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡಲು ಹೇಳಿ. ಜಾಯಿಂಟಿನ ಸುತ್ತ ಎಣ್ಣೆ ಜಿಡ್ಡು ಕಂಡರೆ ಅದೂ ಒಂದು ಸುಳಿವು. ಏಕೆಂದರೆ ಗ್ಯಾಸಿನ ಜೊತೆ ಎಣ್ಣೆಯೂ ಓಡಾಡುತ್ತದೆ.

ಓ-ರಿಂಗ್, ಪೈಪು, ಮುಂದಿನ ಕಂಡೆನ್ಸರ್ ಇವುಗಳಲ್ಲಿ ಸೋರಿಕೆ ಇದ್ದರೆ ರಿಪೇರಿ ಮಾಡಿಸಿ. ಅಲ್ಯೂಮಿನಿಯಂ ಪೈಪಿಗೆ ಆರ್ಗಾನ್ ವೆಲ್ಡಿಂಗ್ ಬೇಕಾದರೆ ಪೀಣ್ಯ ಪಕ್ಕದಲ್ಲೇ ಇದೆಯಲ್ಲ! ಪೈಪು ಬಿಚ್ಚಿದ ಮೇಲೆ ಡ್ರೈಯರ್ ಹೊಸದು ಹಾಕಿಸಿ, ಪಂಪಿನಿಂದ ವ್ಯಾಕ್ಯೂಮ್ ಮಾಡಿಸಿಯೇ ಗ್ಯಾಸ್ ತುಂಬಿಸಬೇಕು. ಅಗ್ಗ ಅಂತ ಅಡುಗೆ ಗ್ಯಾಸ್ ತುಂಬುತ್ತೇನೆ ಅಂದರೆ ಒಪ್ಪಬೇಡಿ. ಸೋರಿದರೆ ಹೊತ್ತಿಕೊಳ್ಳುವಂಥದ್ದು ಅದು.

ತೊಂಬತ್ತರ ದಶಕದ ಗಾಡಿಯಾದರೆ ಇನ್ನೊಂದು ತೊಡಕು. ಅವುಗಳಲ್ಲಿ ಹಲವದರಲ್ಲಿ ಇದ್ದದ್ದು ಆರ್-12. ಓಜೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2010ರಿಂದ ನಮ್ಮ ದೇಶದಲ್ಲಿ ಅದರ ಬಳಕೆ ನಿಂತಿದೆ. ಬದಲಿಗೆ ಆರ್-134ಎ ಹಾಕಿಸಬಹುದು. ಆದರೆ ಹಳೇ ಎಣ್ಣೆ ಅದರೊಂದಿಗೆ ಬೆರೆಯದು. ಎಣ್ಣೆ, ಡ್ರೈಯರ್ ಎರಡನ್ನೂ ಬದಲಿಸಬೇಕು.

ಕಂಪ್ರೆಸರ್ ಜಾಮ್ ಆಗಿ ಅದರ ಲೋಹದ ಚೂರು ಪೈಪಿಗೆಲ್ಲ ಹೋಗಿದ್ದರೆ ಮಾತ್ರ ತೆಗೆಸುವ ಯೋಚನೆ ಸರಿ. ಆಗ ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಹೊಸದೂ ಕೆಡುತ್ತದೆ. ಎಲ್ಲಾ ಬದಲಿಸುವ ಖರ್ಚು ಬರೆಸಿಕೊಂಡು, ಗಾಡಿ ಇನ್ನೆಷ್ಟು ವರ್ಷ ಓಡೀತು ಅಂತ ಲೆಕ್ಕ ಹಾಕಿ. ಹದಿನೈದು ವರ್ಷ ತುಂಬಿದ ಗಾಡಿಯಾದರೆ ತಳ ತುಕ್ಕು ಹಿಡಿದಿದೆಯಾ, ಎಫ್‌ಸಿ ಆಗುತ್ತದಾ ಅಂತ ಮೊದಲು ನೋಡಿ.

ತೆಗೆಸುವುದಾದರೆ ಉಳಿದ ಗ್ಯಾಸನ್ನು ಗಾಳಿಗೆ ಬಿಡಿಸದೆ ಯಂತ್ರದಿಂದ ಸಿಲಿಂಡರಿಗೆ ಎಳೆಸಿ. ಆರ್-134ಎ ಭೂಮಿ ಬಿಸಿಯೇರಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರಪಟ್ಟಿಗೂ ಮೇಲು. ಮಳೆ ನಂಬಿ ಬದುಕುವ ನಾವೇ ಅದನ್ನು ಹೊರಗೆ ಬಿಟ್ಟರೆ ಹೇಗೆ? ಬೆಲ್ಟ್ ಅಳತೆ ಸರಿಮಾಡಿಸಿ. ರೇಡಿಯೇಟರ್ ಫ್ಯಾನನ್ನು ಅದರ ಜೊತೆ ಬಿಚ್ಚಲು ಬಿಡಬೇಡಿ, ಎಂಜಿನ್ ಕಾಯುತ್ತದೆ.

ಏಪ್ರಿಲ್ ಬಿಸಿಲಲ್ಲಿ ತುಮಕೂರು ರಸ್ತೆಯ ಲಾರಿಗಳ ಹಿಂದೆ ಗಾಜು ಇಳಿಸಿಕೊಂಡು ನಿಂತವರಿಗೆ ಹೊಗೆ, ಧೂಳು ಅಂದರೇನು ಅಂತ ಗೊತ್ತು. ದಮ್ಮಿನ ಕಾಯಿಲೆಯವರು, ಕೂಸುಗಳು ಇರುವ ಮನೆಗೆ ಏಸಿ ಶೋಕಿಯಲ್ಲ. ಆದ್ದರಿಂದ ಗ್ಯಾರೇಜಿನಲ್ಲಿ ‘ಎಲ್ಲಿ ಸೋರುತ್ತಿದೆ’ ಅಂತ ಮೊದಲು ಕೇಳಿ. ‘ಎಷ್ಟಾಗುತ್ತೆ’ ಅನ್ನೋದು ಆಮೇಲೆ.