ಅಪ್ಪನ ಹೆಸರಿನ ಗುಡಿಗೆ ಇನ್ನೂರು

ಆಷಾಢ ಬಂತೆಂದರೆ ಹಳೇ ಮೈಸೂರು ಸೀಮೆಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೊರಡುತ್ತಾಳೆ. ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದೆಂಬ ಮಾತು ಇವತ್ತಿಗೂ ಅನೇಕ ಮನೆಗಳಲ್ಲಿ ನಡೆಯುತ್ತದೆ. ಒಳ್ಳೆಯ ಕೆಲಸಗಳನ್ನೆಲ್ಲ ಜನ ಶ್ರಾವಣಕ್ಕೆ ಮುಂದೂಡುವ ಈ ತಿಂಗಳಲ್ಲೇ ಚಾಮರಾಜನಗರ ತೇರು ಕಟ್ಟುತ್ತದೆ. ಹುಣ್ಣಿಮೆಯ ಹೊತ್ತಿಗೆ, ಪೂರ್ವಾಷಾಢ ನಕ್ಷತ್ರದಲ್ಲಿ ಚಾಮರಾಜೇಶ್ವರನ ರಥ ಹೊರಟರೆ, ತಿಂಗಳ ಮಟ್ಟಿಗೆ ಅಗಲಿದ್ದ ಗಂಡ-ಹೆಂಡತಿ ಅದೇ ಬೀದಿಯಲ್ಲಿ ಜೊತೆಯಾಗುತ್ತಾರೆ. ಬಾಳೆಹಣ್ಣಿಗೆ ಜವನ ಸಿಕ್ಕಿಸಿ ಇಬ್ಬರೂ ರಥದ ಕಳಶಕ್ಕೆ ಗುರಿಯಿಡುತ್ತಾರೆ. ಎಸೆದ ಹಣ್ಣು ಹೆಚ್ಚಿನ ಸಲ ಗುರಿ ತಪ್ಪಿ ಯಾರದೋ ತಲೆಯ ಮೇಲೆ ಬೀಳುತ್ತದೆ. ಬಿದ್ದವರೂ ನಗುತ್ತಾರೆ.

ಈ ನಗುವಿನ ಹಿಂದಿರುವ ಗುಡಿಗೆ ಈಗ ಇನ್ನೂರು ವರ್ಷ. 1826ರಲ್ಲಿ ಇದನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಊರು ಆಗಿನ್ನೂ ಹೊಸ ಹೆಸರಿಗೆ ಒಗ್ಗಿಕೊಳ್ಳುತ್ತಿತ್ತು. ಅರಿಕುಠಾರವಾಗಿದ್ದ ಊರನ್ನು ಚಾಮರಾಜನಗರವೆಂದು ಅವರು ಕರೆದದ್ದು 1818ರಲ್ಲಿ, ಅವರ ತಂದೆ ಖಾಸಾ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲೇ ಎಂಬ ಕಾರಣಕ್ಕೆ.

ಆ ತಂದೆಯ ಕಥೆಯಲ್ಲಿ ಹೇಳಿಕೊಳ್ಳುವಂಥ ವೈಭವವೇನೂ ಇಲ್ಲ. 1776ರಲ್ಲಿ ಸಿಂಹಾಸನ ತೆರವಾದಾಗ ಹೈದರ್ ಅಲಿ ರಾಜಬಂಧುಗಳ ಮಕ್ಕಳನ್ನು ಸೇರಿಸಿ, ಮುಂದೆ ಆಟದ ಸಾಮಾನು ಹರಡಿಸಿದನಂತೆ. ಉಳಿದ ಮಕ್ಕಳು ತಿಂಡಿ, ಗೊಂಬೆಗಳಿಗೆ ಕೈಚಾಚಿದರೆ ಒಂದು ಕೂಸು ಪುಟ್ಟ ಕಠಾರಿಯನ್ನು ಎತ್ತಿಕೊಂಡಿತು, ಅದೇ ದೊರೆಯಾಯಿತು ಎಂಬುದು ಪ್ರಚಲಿತ ಕಥೆ. ಕಠಾರಿ ಹಿಡಿದ ಕೈಗೆ ಅಧಿಕಾರ ಮಾತ್ರ ಸಿಗಲಿಲ್ಲ. ಹೈದರ್, ಆಮೇಲೆ ಟಿಪ್ಪು ರಾಜ್ಯವಾಳಿದರು. ಚಾಮರಾಜರು 1796ರಲ್ಲಿ ತೀರಿಕೊಂಡಾಗ ಮಗನಿಗೆ ಎರಡು ವರ್ಷ. ಅಪ್ಪನ ಮುಖವೂ ನೆನಪಿರದ ಆ ಮಗ 1799ರಲ್ಲಿ ಸಿಂಹಾಸನವೇರಿ, ಮುಂದೆ ಅಪ್ಪನ ಹೆಸರನ್ನು ಊರಿಗಿಟ್ಟರು, ಲಿಂಗಕ್ಕೂ ಇಟ್ಟರು. ಪಕ್ಕದ ಅಮ್ಮನವರ ಗುಡಿಗೆ ಕೆಂಪನಂಜಾಂಬೆ ಎಂದರು. ಅದು ಅವರ ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು. ಇನ್ನೊಂದು ಸನ್ನಿಧಿ ಮನೆದೇವರು ಚಾಮುಂಡೇಶ್ವರಿಯದು. ಅಪ್ಪ ಹುಟ್ಟಿದ ಜಾಗದಲ್ಲಿ ಜನನ ಮಂಟಪ ಎದ್ದಿತು. ಬದುಕಿನಲ್ಲಿ ಒಟ್ಟಾಗಿ ಸಿಗದ ತಂದೆ-ತಾಯಿಯನ್ನು ಮಗ ಕಲ್ಲಿನಲ್ಲಿ ಒಂದೇ ಸೂರಿನಡಿ ಕೂರಿಸಿದರು ಎನ್ನಬೇಕು. ಗುಡಿ ಕಟ್ಟಿ ಐದು ವರ್ಷಕ್ಕೆ, 1831ರಲ್ಲಿ, ಆಡಳಿತ ಬ್ರಿಟಿಷರ ಪಾಲಾಯಿತು. ಅಪ್ಪನಂತೆ ಮಗನೂ ಹೆಸರಿಗಷ್ಟೇ ದೊರೆಯಾಗಿ ಉಳಿದರು.

ಹೆತ್ತವರ ನೆನಪಿಗೆ ಗುಡಿ ಕಟ್ಟುವುದು ಆ ಮನೆತನಕ್ಕೆ ಹೊಸದೇನೂ ಆಗಿರಲಿಲ್ಲ. ಅದರ ಸಾಕ್ಷಿಗೆ ಇದೇ ಜಿಲ್ಲೆಯ ಗುಂಡ್ಲುಪೇಟೆಗೆ ಹೋಗಬೇಕು. ಪಟ್ಟಕ್ಕೆ ಬರುವ ಮುಂಚೆ ಚಿಕ್ಕದೇವರಾಜ ಒಡೆಯರು ಹತ್ತಿರದ ಹಂಗಳದಲ್ಲಿ ತಂದೆಯೊಡನೆ ನಿರ್ಬಂಧದಲ್ಲಿದ್ದವರು. ತಂದೆ ದೊಡ್ಡದೇವರಾಜರು ಕಾಲವಾದದ್ದು ಗುಂಡ್ಲುಪೇಟೆಯಲ್ಲಿ. 1673ರಲ್ಲಿ ಪಟ್ಟವೇರಿದ ಮಗ ಅಪ್ಪ ತೀರಿದ ಊರನ್ನು ಬೆಳೆಸಿದರು, ಅವರ ಸದ್ಗತಿಗೆಂದು ಪರವಾಸುದೇವನ ದೇವಾಲಯ ಎತ್ತಿಸಿದರು, ಅಗ್ರಹಾರ ಕಟ್ಟಿಸಿ ದತ್ತಿ ಬಿಟ್ಟರು. ಮುಮ್ಮಡಿಯವರಿಗಿಂತ ಎಷ್ಟೋ ಪಾಲು ಬಲಶಾಲಿ ದೊರೆ ಅವರು. ಬೊಕ್ಕಸ ತುಂಬಿತ್ತು, ಸೈನ್ಯವಿತ್ತು, ಸುತ್ತ ಕವಿಗಳಿದ್ದರು. ಆದರೂ ಆ ಗುಡಿ ಮುಂದೆ ಪಾಳುಬಿತ್ತು. ಹೊಯ್ಸಳರ ಕಾಲದಷ್ಟು ಹಳೆಯದೆನ್ನುವ ವಿಜಯನಾರಾಯಣನ ಗುಡಿಯೇ ಅಲ್ಲಿನವರಿಗೆ ಹೆಚ್ಚು ಹತ್ತಿರವಾಯಿತು. ಬಂಡೀಪುರ, ಊಟಿಯ ಕಡೆ ಹೋಗುವ ವಾಹನಗಳಿಗೆ ಗುಂಡ್ಲುಪೇಟೆ ಕಾಫಿ ಕುಡಿಯುವ ನಿಲುಗಡೆ ಮಾತ್ರ.

ಇನ್ನೂರು ವರ್ಷದ ಸಿಂಹಾವಲೋಕನದ ತೂಕ ಇರುವುದು ಈ ಎರಡು ಗುಡಿಗಳ ಹೋಲಿಕೆಯಲ್ಲೇ. ಒಂದೇ ಜಿಲ್ಲೆ, ಒಂದೇ ರಾಜಮನೆತನ, ಒಂದೇ ಬಗೆಯ ಪಿತೃಭಕ್ತಿ. ಬಲಿಷ್ಠ ದೊರೆಯ ಗುಡಿ ಬರಿದಾಯಿತು, ಅಧಿಕಾರ ಕಳೆದುಕೊಂಡ ದೊರೆಯ ಗುಡಿ ಊರಿನ ಗುಡಿಯಾಯಿತು. ದತ್ತಿ, ಶಾಸನ, ಅಗ್ರಹಾರಗಳಿಂದ ಗುಡಿ ನಿಲ್ಲುತ್ತದೆ ನಿಜ, ಆದರೆ ಬಾಳುವುದು ಜನರ ಪಂಚಾಂಗದಲ್ಲಿ ಅದಕ್ಕೊಂದು ದಿನ ಸಿಕ್ಕಾಗ. ಚಾಮರಾಜೇಶ್ವರನಿಗೆ ಆ ದಿನವನ್ನು ಕೊಟ್ಟದ್ದು ನವದಂಪತಿಗಳು.

ಆ ದಿನವೇ ಕೈತಪ್ಪಿದ ಕಾಲವೂ ಉಂಟು. 2017ರ ಫೆಬ್ರುವರಿಯಲ್ಲಿ ಕಿಡಿಗೇಡಿಯೊಬ್ಬ ಹಚ್ಚಿದ ಬೆಂಕಿಗೆ ರಥ ಸುಟ್ಟಿತು. ಐದು ಆಷಾಢ ತೇರಿಲ್ಲದೆ ಕಳೆದವು. ಹೊಸ ರಥದ ಕೆಲಸ ತೆವಳಿತು, ನಡುವೆ ಕೊರೊನಾ ಬಂತು. 2022ರ ಜುಲೈನಲ್ಲಿ ಹೊಸ ತೇರು ಉರುಳಿದಾಗ ಜನ ಹಬ್ಬವನ್ನು ಒಂಚೂರೂ ಮರೆತಿರಲಿಲ್ಲ. ಸಂತೋಷಪಡಬೇಕಾದ ಸಂಗತಿಯೇ. ಆದರೆ ಊರ ತೇರನ್ನು ಊರು ಕಾಯಲಾಗದೆ ಹೋದದ್ದೂ, ಮತ್ತೊಂದನ್ನು ಕಟ್ಟಲು ಐದು ವರ್ಷ ಹಿಡಿದದ್ದೂ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಕಡೆಗೇ ಬರೆಯಬೇಕಾದವು.

ಇನ್ನೊಂದು ಸಾಲವನ್ನೂ ಇಲ್ಲಿ ಬರೆಯೋಣ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ದಶಕಗಟ್ಟಲೆ ಈ ಊರನ್ನು ಕಾಡಿತು. 1997ರಲ್ಲಿ ಜಿಲ್ಲೆಯ ಉದ್ಘಾಟನೆಯನ್ನು ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರ ಬಿಟ್ಟು ಮಲೆ ಮಹದೇಶ್ವರ ಬೆಟ್ಟದಿಂದ ನಡೆಸಿದರು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದರು, ಐದು ವರ್ಷವನ್ನೂ ಪೂರೈಸಿದರು. ಅಶುಭವೆಂದ ತಿಂಗಳಲ್ಲೇ ಇನ್ನೂ ಹೊಸದಾದ ಸಂಸಾರಗಳನ್ನು ಹರಸಿ ಕಳುಹಿಸುವ ದೇವರ ಊರಿಗೆ ಅಪಶಕುನದ ಪಟ್ಟ ಕಟ್ಟಿದ್ದು ನಮ್ಮ ರಾಜಕಾರಣದ ಅಂಜುಬುರುಕತನ. ಊರಿನ ತಪ್ಪೇನೂ ಅದರಲ್ಲಿಲ್ಲ.

ಇನ್ನೂರರ ನೆಪದಲ್ಲಿ ವೇದಿಕೆ, ಹಾರ, ಭಾಷಣಗಳು ನಡೆಯಲಿ, ಬೇಡವೆನ್ನುವುದಿಲ್ಲ. ಜೊತೆಗೆ ಮೂರು ಕೆಲಸ ಆಗಲಿ. ಗುಡಿಯ ಬಾಗಿಲಲ್ಲೂ ಜನನ ಮಂಟಪದಲ್ಲೂ ಈ ತಂದೆ-ಮಗನ ಕಥೆಯನ್ನು ನೇರ ಕನ್ನಡದಲ್ಲಿ ಬರೆದ ಫಲಕ ನಿಲ್ಲಲಿ. ವಿಷ್ಣುವರ್ಧನನ ದಂಡನಾಯಕ ಪುಣಿಸ 1117ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇದೇ ಊರಿನಲ್ಲಿದೆ; ಗುಡಿಗೆ ಬಂದವರಿಗೆ ಅದರ ದಾರಿಯೂ ತಿಳಿಯಲಿ. ಮೂರನೆಯದಾಗಿ, ಗುಂಡ್ಲುಪೇಟೆಯ ಪರವಾಸುದೇವನ ನೆನಪೂ ಈ ಆಚರಣೆಯ ಲೆಕ್ಕಕ್ಕೆ ಬರಲಿ. ಮುಮ್ಮಡಿಯವರಿಗೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಆ ಗುಡಿ.

ಓದುಗರಿಗೆ ಒಂದೇ ಮಾತು. ಈ ಆಷಾಢಕ್ಕೆ ಹಣ್ಣು-ಜವನ ಹಿಡಿದು ಹೋಗುವವರು ತೇರು ಮುಗಿದ ಮೇಲೆ ಜನನ ಮಂಟಪದ ಕಡೆಗೂ ನಾಲ್ಕು ಹೆಜ್ಜೆ ಹಾಕಿ ಬನ್ನಿ. ಊರಿಗೆ ಹೆಸರು ಬಂದದ್ದು ಅಲ್ಲಿಂದ.