ಮನೆಯ ಮಾತು: ಸಂಗೀತಾಭ್ಯಾಸದ ಮೆಟ್ಟಿಲುಗಳು

ವಿಜಯದಶಮಿಯ ದಿವಸ ಮಕ್ಕಳಿಗೆ ಅಕ್ಷರಾಭ್ಯಾಸವನ್ನು ಮಾಡಿಸುವಂತೆಯೇ ಸಂಗೀತಾಭ್ಯಾಸವನ್ನು ಪ್ರಾರಂಭಮಾಡಿಸುವ ಪದ್ಧತಿಯು ನಮ್ಮಲ್ಲಿ ಅನೇಕ ಮನೆಗಳಲ್ಲಿ ಉಂಟು. ತಟ್ಟೆಯಲ್ಲಿ ಫಲತಾಂಬೂಲಗಳನ್ನಿಟ್ಟು ಮಗುವಿನ ಕೈಯಿಂದ ಗುರುಗಳಿಗೆ ಕೊಡಿಸಿ ನಮಸ್ಕಾರಮಾಡಿಸಿದರೆ, ಒಂದು ಕರ್ತವ್ಯವನ್ನು ನೆರವೇರಿಸಿದೆವೆಂಬ ತೃಪ್ತಿಯು ತಂದೆತಾಯಿಗಳಿಗೆ ಉಂಟಾಗುತ್ತದೆ. ಆದರೆ ಮೂರು ತಿಂಗಳು ಕಳೆಯುವುದರೊಳಗಾಗಿ ಈ ತೃಪ್ತಿಯು ಅಸಮಾಧಾನಕ್ಕೆ ತಿರುಗುವುದೂ ಉಂಟು. "ಇನ್ನೂ ಸರಿಗಮವೇ ನಡೆಯುತ್ತಿದೆಯಲ್ಲ! ಬಂದವರ ಮುಂದೆ ಹಾಡುವುದಕ್ಕೆ ಒಂದು ಕೃತಿಯನ್ನಾದರೂ ಹೇಳಿಕೊಡಬಾರದೆ?" ಎಂಬ ಮಾತು ಗುರುಗಳ ಕಿವಿಗೆ ಬೀಳುತ್ತದೆ. ಅವರು ದಾಕ್ಷಿಣ್ಯಕ್ಕೆ ಸಿಕ್ಕಿ ಕೃತಿಯನ್ನು ಹೇಳಿಕೊಡುತ್ತಾರೆ. ಎರಡು ವರ್ಷಗಳಲ್ಲಿ ಮಗುವಿಗೆ ಹದಿನೈದು ಇಪ್ಪತ್ತು ಕೃತಿಗಳು ಪಾಠವಾಗುತ್ತವೆ. ಸಂಗೀತವು ಮಾತ್ರ ಬರುವುದಿಲ್ಲ. ಈ ತಿಂಗಳು ನಾವು ಗೃಹಸ್ಥರೊಡನೆ ಆಡಬೇಕೆಂದಿರುವ ಮಾತು ಇದನ್ನು ಕುರಿತದ್ದು.

ಕರ್ಣಾಟಕ ಸಂಗೀತದ ಪಾಠಕ್ರಮವು ಬಹು ಕಾಲದ ಅನುಭವದಿಂದ ರೂಪುಗೊಂಡಿರುವುದು. ಮೊದಲು ಸರಳೆ ವರಸೆ, ಅನಂತರ ಜಂಟಿ ವರಸೆ, ದಾಟು ವರಸೆ, ಸಪ್ತತಾಳಗಳ ಅಲಂಕಾರ. ಆಮೇಲೆ ಗೀತೆ, ಸ್ವರಜತಿ, ವರ್ಣ, ಕೃತಿ. ಕಟ್ಟಕಡೆಗೆ ರಾಗಾಲಾಪನೆ, ನೆರವಲು, ಕಲ್ಪನಾಸ್ವರ, ಪಲ್ಲವಿಗಳೆಂಬ ಮನೋಧರ್ಮದ ಭಾಗ. ಮೊದಲ ಪಾಠಗಳನ್ನು ಈ ಕ್ರಮಕ್ಕೆ ತಂದವರು 1564ರಲ್ಲಿ ದೈವಾಧೀನರಾದ ಶ್ರೀ ಪುರಂದರದಾಸರೆಂಬುದು ಸಂಪ್ರದಾಯದ ನಂಬಿಕೆ. ಅವರನ್ನು ದಕ್ಷಿಣ ದೇಶವೆಲ್ಲವೂ ಸಂಗೀತ ಪಿತಾಮಹರೆಂದು ಗೌರವಿಸುವುದಕ್ಕೆ ಇದೊಂದು ಕಾರಣ. ತಮಿಳು, ತೆಲುಗು, ಮಲಯಾಳ ಮನೆಗಳ ಮಕ್ಕಳು ಕೂಡ ಮೊಟ್ಟಮೊದಲು ಕಲಿಯುವ ಗೀತೆಗಳು ದಾಸರವೇ ಆಗಿರುವುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ. ಆ ಕ್ರಮವನ್ನು ನಮ್ಮ ಮನೆಗಳಲ್ಲಿಯೇ ಅವಸರದಿಂದ ಕೆಡಿಸುವುದು ಸರಿಯೆ?

ಒಂದೊಂದು ಮೆಟ್ಟಿಲಿಗೂ ಒಂದೊಂದು ಕೆಲಸವುಂಟು. ಅದನ್ನು ತಿಳಿದುಕೊಂಡರೆ, ಸಂಗೀತವನ್ನು ಅರಿಯದ ಗೃಹಸ್ಥರೂ ತಮ್ಮ ಮಗುವು ಎಲ್ಲಿ ನಿಂತಿದೆಯೆಂಬುದನ್ನು ತಕ್ಕಮಟ್ಟಿಗೆ ಕಂಡುಕೊಳ್ಳಬಹುದು.

ಮೊದಲ ಪಾಠವು ಮಾಯಾಮಾಳವಗೌಳ ರಾಗದಲ್ಲಿ ನಡೆಯುವುದಷ್ಟೆ. 72 ಮೇಳಗಳಲ್ಲಿ ಇದು 15ನೆಯದು. ಇದನ್ನೇ ಏಕೆ ಆರಿಸಿಕೊಂಡರು? ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನಗಳಿವೆ. ಈ ರಾಗದಲ್ಲಿ ಷಡ್ಜದಿಂದ ರಿಷಭಕ್ಕೆ ಒಂದು ಸ್ಥಾನದ ದೂರ. ರಿಷಭದಿಂದ ಗಾಂಧಾರಕ್ಕೆ ಮೂರು. ಗಾಂಧಾರದಿಂದ ಮಧ್ಯಮಕ್ಕೆ ಒಂದು. ಪಂಚಮದಿಂದ ಮೇಲೆಯೂ ಹಾಗೆಯೇ: ಧೈವತಕ್ಕೆ ಒಂದು, ನಿಷಾದಕ್ಕೆ ಮೂರು, ಮೇಲಿನ ಷಡ್ಜಕ್ಕೆ ಒಂದು. ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧವು ಅದೇ ಅಳತೆಯಲ್ಲಿ ದೊರೆಯುತ್ತದೆ. ಸ್ವರಗಳು ಒಂದೋ ತೀರ ಹತ್ತಿರ, ಇಲ್ಲವೆ ಸಾಕಷ್ಟು ದೂರ. ಆದಕಾರಣ ಎಳೆಯ ಕಿವಿಗೂ ಅವುಗಳ ಭೇದವು ಸ್ಪಷ್ಟವಾಗಿ ತಿಳಿಯುತ್ತದೆ.

ಸರಳೆಯನ್ನು ಆದಿತಾಳದಲ್ಲಿ ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ತಾಳದ ಎಂಟು ಅಕ್ಷರಗಳಲ್ಲಿ ಒಂದೊಂದಕ್ಕೆ ಮೊದಲ ಕಾಲದಲ್ಲಿ ಒಂದು ಸ್ವರ, ಎರಡನೆಯ ಕಾಲದಲ್ಲಿ ಎರಡು, ಮೂರನೆಯ ಕಾಲದಲ್ಲಿ ನಾಲ್ಕು. ಕೈಯ ವೇಗವು ಬದಲಾಗತಕ್ಕದ್ದಲ್ಲ. ಬಾಯಿಯ ವೇಗವು ಮಾತ್ರ ಇಮ್ಮಡಿಯಾಗತಕ್ಕದ್ದು. ಇದೇ ಲಯಜ್ಞಾನದ ಮೊದಲ ಬೀಜ. ಗೃಹಸ್ಥರು ಮಗುವಿನ ಕೈಯನ್ನು ನೋಡುತ್ತಿರಲಿ. ಎರಡನೆಯ ಕಾಲಕ್ಕೆ ಹೋದೊಡನೆ ಕೈಯೂ ಓಡಲಾರಂಭಿಸಿದರೆ ಸರಳೆಯು ಮುಗಿದಿಲ್ಲವೆಂದು ತಿಳಿಯಬೇಕು. ಶ್ರುತಿಗೂ ಒಂದು ಪರೀಕ್ಷೆಯುಂಟು. ಮಗುವು ಹಾಡುತ್ತಿರುವಾಗ ಶ್ರುತಿಯನ್ನು ನಿಲ್ಲಿಸಿ, ಎರಡು ಆವರ್ತಗಳಾದ ಮೇಲೆ ಮತ್ತೆ ಹಿಡಿಯಿರಿ. ಮಗುವಿನ ಷಡ್ಜವು ಶ್ರುತಿಯೊಡನೆ ಬೆರೆತರೆ ಒಳ್ಳೆಯದು. ಇಳಿದುಹೋಗಿದ್ದರೆ ಗದರಿಸಬೇಕಾದುದಿಲ್ಲ, ಇನ್ನೂ ಕೆಲವು ವಾರ ಇದೇ ಪಾಠವು ನಡೆಯಲಿ.

ಜಂಟಿ ವರಸೆಯಲ್ಲಿ ಪ್ರತಿಯೊಂದು ಸ್ವರವೂ ಎರಡು ಸಲ ಬರುತ್ತದೆ; ಎರಡನೆಯದನ್ನು ಒತ್ತಿ ಹೇಳಬೇಕು. ನೋಡುವುದಕ್ಕೆ ಇದು ಬರಿಯ ಪುನರುಕ್ತಿಯಂತೆ ತೋರಬಹುದು. ಆದರೆ ಸ್ಫುರಿತವೆಂಬ ಗಮಕವು ಶಾರೀರದಲ್ಲಿ ಹುಟ್ಟುವುದು ಇಲ್ಲಿಯೇ. ದಾಟು ವರಸೆಯಲ್ಲಿ ಸ್ವರಗಳನ್ನು ಬಿಟ್ಟುಬಿಟ್ಟು ಹಾರುವುದರಿಂದ, ಪ್ರತಿಯೊಂದು ಸ್ವರಕ್ಕೂ ತನ್ನದೇ ಆದ ಸ್ಥಾನವುಂಟೆಂಬ ಅರಿವು ನಿಲ್ಲುತ್ತದೆ. "ಧೈವತವನ್ನು ಹೇಳು" ಎಂದು ಮಗುವನ್ನು ಥಟ್ಟನೆ ಕೇಳಿನೋಡಿ. ಷಡ್ಜದಿಂದ ಒಂದೊಂದಾಗಿ ಮೆಲ್ಲನೆ ಗುಣುಗಿಕೊಂಡು ಮೇಲೇರಿದರೆ, ದಾಟು ವರಸೆಯ ಕೆಲಸವು ಇನ್ನೂ ಉಳಿದಿದೆ.

ಅಲಂಕಾರಗಳು ತಾಳದ ಪಾಠ. ಧ್ರುವಕ್ಕೆ 14 ಅಕ್ಷರ, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟಕ್ಕೆ 14, ಏಕಕ್ಕೆ 4. ಮಠ್ಯಕ್ಕೂ ಝಂಪೆಗೂ ಮೊತ್ತವು ಒಂದೇ ಆದರೂ ಒಳಗಿನ ವಿಭಾಗವು ಬೇರೆ: ಮಠ್ಯವು ನಾಲ್ಕು, ಎರಡು, ನಾಲ್ಕು, ಝಂಪೆಯು ಏಳು, ಒಂದು, ಎರಡು. ಎರಡನ್ನೂ ಒಂದರ ಹಿಂದೊಂದು ಹಾಕಿದ ಮಗುವಿಗೆ, ತಾಳವೆಂದರೆ ಬರಿಯ ಎಣಿಕೆಯಲ್ಲ, ಕಾಲಕ್ಕೆ ಒಂದು ಆಕಾರವೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಆದರೆ ಅವಸರದವರು ಮೊದಲು ಕೈಬಿಡುವುದು ಈ ಅಲಂಕಾರಗಳನ್ನೇ! ಮುಂದೆ ಹಾಡತಕ್ಕ ಕೃತಿಗಳಲ್ಲಿ ಬಹುಭಾಗವು ಆದಿ ಮತ್ತು ರೂಪಕ ತಾಳಗಳಲ್ಲಿರುವಾಗ ಅಟತಾಳವೇಕೆಂಬುದು ಅವರ ವಾದ. ಇದಕ್ಕೆ ಉತ್ತರವು ಕೆಲವು ವರ್ಷಗಳ ಮೇಲೆ ದೊರೆಯುತ್ತದೆ. ಅದನ್ನು ಮುಂದೆ ಹೇಳುತ್ತೇವೆ.

ಗೀತೆಯಲ್ಲಿ ಮೊದಲ ಸಲ ಸಾಹಿತ್ಯವು ಸ್ವರದೊಡನೆ ಕೂಡುತ್ತದೆ. ದಾಸರ ಪಿಳ್ಳಾರಿ ಗೀತೆಗಳು ಮಲಹರಿ ರಾಗದಲ್ಲಿವೆ. ಮಲಹರಿಯು ಮಾಯಾಮಾಳವಗೌಳದ ಜನ್ಯವಾದುದರಿಂದ ಮಗುವಿಗೆ ಹೊಸ ಸ್ವರಸ್ಥಾನಗಳ ಶ್ರಮವಿಲ್ಲ. ಆದರೆ ಏರುವಾಗ ಗಾಂಧಾರವಿಲ್ಲ, ಇಳಿಯುವಾಗ ಉಂಟು. ನಿಷಾದವು ಎರಡು ಕಡೆಯೂ ಇಲ್ಲ. ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆ ಎಂಬ ರಾಗಲಕ್ಷಣದ ಮೊದಲ ಪಾಠವು ಹೀಗೆ ಆಟದಂತೆ ಆಗಿಹೋಗುತ್ತದೆ. ಇಷ್ಟು ಸಣ್ಣ ಗೀತೆಯಲ್ಲಿ ಇಷ್ಟು ವಿಚಾರವನ್ನು ಅಡಗಿಸಿಟ್ಟ ಬುದ್ಧಿಯನ್ನು ನಾವು ಎಷ್ಟು ಕೊಂಡಾಡಿದರೂ ಸಾಲದು.

ಸ್ವರಜತಿಯನ್ನು ದಾಟಿದರೆ ವರ್ಣ. ರಾಗದ ವಿಶೇಷ ಪ್ರಯೋಗಗಳೆಲ್ಲವೂ ವರ್ಣದಲ್ಲಿ ಒತ್ತಾಗಿ ಕೂಡಿಕೊಂಡಿರುತ್ತವೆ. ವಿದ್ವಾಂಸರು ಕಚೇರಿಯ ಆರಂಭದಲ್ಲಿ ವರ್ಣವನ್ನು ಹಾಡುವುದನ್ನು ವಾಚಕರು ಕೇಳಿಯೇ ಇರುವರು. ಪ್ರೌಢರೂ ಕೈಬಿಡದ ಅಭ್ಯಾಸ ಇದು. ರಾಮನಾಡು ಶ್ರೀನಿವಾಸ ಅಯ್ಯಂಗಾರ್ಯರ (1860–1919) ಮೋಹನ ರಾಗದ ವರ್ಣದಂತಹ ಆದಿತಾಳದ ವರ್ಣಗಳಿಂದ ಪ್ರಾರಂಭಿಸಿ, ಕ್ರಮವಾಗಿ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಪ್ರಸಿದ್ಧವಾದ ಭೈರವಿ ವರ್ಣಕ್ಕೆ ಬರುತ್ತಾರೆ. ಇದು ಅಟತಾಳದಲ್ಲಿದೆ. ಅಂದು ಅಲಂಕಾರದಲ್ಲಿ 14 ಅಕ್ಷರಗಳನ್ನು ಐದು, ಐದು, ಎರಡು, ಎರಡೆಂದು ಹಾಕಿ ಪಳಗಿದ ಕೈಗೆ ಇಲ್ಲಿ ಕಷ್ಟವಿಲ್ಲ. ಅಲಂಕಾರವನ್ನು ಬಿಟ್ಟು ಬಂದ ಮಗುವು ಭೈರವಿಯ ಗಮಕ, ಸಾಹಿತ್ಯ, ಎರಡು ಕಾಲಗಳು, ಹೊಸ ತಾಳ ಇವೆಲ್ಲವನ್ನೂ ಒಂದೇ ಸಲ ಹೊರಬೇಕಾಗುತ್ತದೆ. ಅನೇಕ ಮಕ್ಕಳು "ನನಗೆ ಸಂಗೀತವು ಬರುವುದಿಲ್ಲ" ಎಂದು ತಂಬೂರಿಯನ್ನು ಕೆಳಗಿಡುವ ಸ್ಥಳ ಇದು. ಮಗುವಿನಲ್ಲಿ ಯೋಗ್ಯತೆಯ ಕೊರತೆಯಿರಲಿಲ್ಲ. ಕೆಳಗೆ ಒಂದು ಮೆಟ್ಟಿಲು ಇರಲಿಲ್ಲ, ಅಷ್ಟೆ. ತಾನು ದಡ್ಡಳೆಂಬ ಭಾವನೆಯನ್ನು ಹೊತ್ತು ಆ ಮಗುವು ಬೆಳೆಯುವುದಲ್ಲವೆ? ಈ ನಷ್ಟವು ಕೊಟ್ಟ ಸಂಬಳದ ಹಣಕ್ಕಿಂತ ಬಹಳ ದೊಡ್ಡದು.

ಕೃತಿಗಳ ವಿಚಾರವನ್ನು ನಾವು ಇಲ್ಲಿ ವಿಸ್ತರಿಸುವುದಿಲ್ಲ. ತ್ಯಾಗರಾಜರ (1767–1847) ಕೃತಿಯೊಂದರಲ್ಲಿ ಬರುವ ಸಂಗತಿಗಳನ್ನು ನೋಡಿದರೆ ಸಾಕು: ಒಂದೇ ಸಾಲು, ಪ್ರತಿ ಸಲವೂ ಸ್ವಲ್ಪ ಸ್ವಲ್ಪವಾಗಿ ಅರಳುತ್ತದೆ. ಸ್ವರಜ್ಞಾನವುಳ್ಳ ಮಗುವಿಗೆ ಅಲ್ಲಿ ಏನು ಬದಲಾಯಿತೆಂಬುದು ತಿಳಿಯುತ್ತದೆ; ಇಲ್ಲದ ಮಗುವು ಗಿಣಿಯಂತೆ ಒಪ್ಪಿಸುತ್ತದೆ. ಮೈಸೂರು ವಾಸುದೇವಾಚಾರ್ಯರು (1865–1961) ಮೈಸೂರಿನಲ್ಲಿ ವೀಣೆ ಪದ್ಮನಾಭಯ್ಯನವರಲ್ಲಿ ಅಭ್ಯಾಸಮಾಡಿದ ಬಳಿಕ, ಮಹಾರಾಜರ ಆಶ್ರಯವನ್ನು ಪಡೆದು ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರಲ್ಲಿ ಮತ್ತೆ ಶಿಷ್ಯವೃತ್ತಿಯನ್ನು ಕೈಕೊಂಡರು. ಅಂತಹ ಮಹನೀಯರಿಗೆ ಇಲ್ಲದ ಅವಸರವು ನಮ್ಮ ಎಂಟು ವರ್ಷದ ಮಕ್ಕಳಿಗೆ ಏಕೆ?

ಇನ್ನು ಪರೀಕ್ಷೆಗಳ ಮಾತು. ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಶ್ರೇಣಿಗಳುಂಟು. ಇವುಗಳಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಪರೀಕ್ಷೆಯಿದ್ದರೆ ಅಭ್ಯಾಸಕ್ಕೆ ಒಂದು ಗುರಿಯುಂಟಾಗುತ್ತದೆ. ಶಾಸ್ತ್ರಭಾಗವನ್ನು ಓದುವ ರೂಢಿಯಾಗುತ್ತದೆ. ಊರಿಂದೂರಿಗೆ ವರ್ಗವಾಗುವ ಮನೆಯ ಮಕ್ಕಳಿಗೆ ಗುರುಗಳು ಬದಲಾದರೂ ಕ್ರಮವು ತಪ್ಪುವುದಿಲ್ಲ. ಆದರೆ ಪರೀಕ್ಷಕರು ಅರ್ಧ ಗಂಟೆಯೊಳಗೆ ಮಗುವಿನ ಅಭ್ಯಾಸವೆಲ್ಲವನ್ನೂ ಕೇಳುವುದು ಸಾಧ್ಯವಿಲ್ಲ. ಒಂದೆರಡು ತುಣುಕುಗಳನ್ನು ಕೇಳಿ ಉಳಿದದ್ದನ್ನು ಊಹಿಸುತ್ತಾರೆ. ಅವರು ಕೇಳಬಹುದಾದ ತುಣುಕುಗಳನ್ನು ಮಾತ್ರ ಬಾಯಿಪಾಠಮಾಡಿಸಿ ಕಳುಹಿಸಿದರೆ, ಮೋಸಹೋದವರು ಪರೀಕ್ಷಕರಲ್ಲ. ಸೀನಿಯರ್‌ನಲ್ಲಿ ಸುಖವಾಗಿ ತೇರ್ಗಡೆಯಾಗಿ ವಿದ್ವತ್ತಿನ ಮನೋಧರ್ಮಕ್ಕೆ ಬಂದಾಗ ಬಾಯಿ ಕಟ್ಟುವವರು ಬಹುಮಟ್ಟಿಗೆ ಈ ದಾರಿಯಿಂದ ಬಂದವರೇ. ಕಲ್ಪನಾಸ್ವರವೆಂದರೆ ಸರಳೆ, ಜಂಟಿ, ದಾಟುಗಳೇ ಅಲ್ಲವೆ? ಅಂದು ಗುರುಗಳು ಜೋಡಿಸಿಕೊಟ್ಟಿದ್ದನ್ನು ಇಂದು ತಾನೇ ಜೋಡಿಸಬೇಕು, ಇಷ್ಟೇ ಭೇದ.

"ಹಾಗಾದರೆ ವರ್ಷಗಟ್ಟಲೆ ಮಗುವು ಒಂದು ಹಾಡನ್ನೂ ಹಾಡದೆ ಇರಬೇಕೆ? ಉತ್ಸಾಹವು ಬತ್ತಿಹೋಗುವುದಿಲ್ಲವೆ?" ಎಂದು ತಾಯಂದಿರು ಕೇಳಬಹುದು. ಈ ಪ್ರಶ್ನೆಯು ನ್ಯಾಯವಾದದ್ದೇ; ಸರಳೆಯೊಂದನ್ನೇ ಉಣಿಸಿದರೆ ಎಂತಹ ಮಗುವಿಗೂ ಬೇಸರವಾಗುವುದು ಸಹಜ. ಇದಕ್ಕೆ ಪರಿಹಾರವು ನಮ್ಮ ಮನೆಗಳಲ್ಲಿಯೇ ಇದೆ. ಸರಳೆಯನ್ನು ಕೊಟ್ಟ ಪುರಂದರದಾಸರೇ ದೇವರನಾಮಗಳನ್ನೂ ಕೊಟ್ಟಿದ್ದಾರೆ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯೋ ತಾಯಿಯೋ ಒಂದು ದೇವರನಾಮವನ್ನು ಹೇಳಲಿ. ಮಗುವು ಕೇಳಿ ಕೇಳಿ ಕಲಿಯಲಿ. ಇಲ್ಲಿ ತಿದ್ದುವ ಕೆಲಸವು ಬೇಡ, ಸ್ವರ ಹೇಳಿಸುವ ಕೆಲಸವೂ ಬೇಡ. ಬಂದವರ ಮುಂದೆ ಹಾಡುವುದಕ್ಕೂ ಇದು ಒದಗುತ್ತದೆ. ಗುರುಗಳ ಪಾಠವು ತನ್ನ ನಡಿಗೆಯಲ್ಲಿ ನಡೆಯಲಿ, ಮನೆಯ ಹಾಡು ತನ್ನ ಪಾಡಿಗೆ ನಡೆಯಲಿ. ಎರಡೂ ಒಂದು ದಿನ ತಾವಾಗಿಯೇ ಕೂಡುತ್ತವೆ: "ಅಮ್ಮ, ಈ ಹಾಡಿನಲ್ಲಿ ಗಾಂಧಾರವು ಬೇರೆಯಾಗಿದೆ" ಎಂದು ಮಗುವು ಹೇಳಿದರೆ, ಆ ದಿವಸ ಪಾಯಸವನ್ನು ಮಾಡಬಹುದು!

ಅಭ್ಯಾಸದ ವಿಚಾರದಲ್ಲಿ ಕೆಲವು ಸೂಚನೆಗಳು. ವಾರಕ್ಕೊಂದು ದಿನ ಎರಡು ಗಂಟೆಗಿಂತ ದಿನಕ್ಕೆ ಇಪ್ಪತ್ತು ನಿಮಿಷವು ಮೇಲು. ಊಟವಾದ ಕೂಡಲೆ ಹಾಡಿಸಬಾರದು. ಶ್ರುತಿಯನ್ನು ಮಗುವಿನ ಕಂಠಕ್ಕೆ ತಕ್ಕಂತೆ ಗುರುಗಳು ಗೊತ್ತುಮಾಡಲಿ. ಅಕ್ಕನ ಶ್ರುತಿಯಲ್ಲಿ ತಮ್ಮನನ್ನು ಕಿರುಚಿಸಬಾರದು. ಗಂಡುಮಕ್ಕಳ ಕಂಠವು ಒಡೆಯುವ ವಯಸ್ಸಿನಲ್ಲಿ, ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದರವರೆಗೆ, ಮೇಲಿನ ಸ್ಥಾಯಿಯನ್ನು ಬಲವಂತಪಡಿಸದೆ, ತಾಳ, ಶಾಸ್ತ್ರ, ಕೇಳ್ಮೆಗಳಿಗೆ ಹೆಚ್ಚು ಕಾಲವನ್ನು ಕೊಡಬೇಕು. ಈ ಸಮಯದಲ್ಲಿ ಪಾಠವನ್ನೇ ಬಿಡಿಸಿದರೆ ಮತ್ತೆ ಹಿಡಿಯುವುದು ಕಷ್ಟ. ತಂಬೂರಿಯು ಇಲ್ಲದ ಮನೆಯಲ್ಲಿ ವಿದ್ಯುತ್ ಶ್ರುತಿಪೆಟ್ಟಿಗೆಯಾಗಲಿ ಮೊಬೈಲಿನ ತಂಬೂರಿನಾದವಾಗಲಿ ಸಾಕು. ಹೊರದೇಶಗಳಲ್ಲಿರುವ ಕನ್ನಡಿಗರ ಮಕ್ಕಳು ಈಗ ಮೈಸೂರು ಬೆಂಗಳೂರುಗಳ ಗುರುಗಳಿಂದ ಕಂಪ್ಯೂಟರಿನ ಮೂಲಕ ಪಾಠವನ್ನು ಪಡೆಯುತ್ತಾರೆ. ಧ್ವನಿಯು ತಲುಪುವುದರಲ್ಲಿ ಕ್ಷಣಕಾಲ ತಡವಾಗುವುದರಿಂದ ಗುರುಶಿಷ್ಯರು ಕೂಡಿ ಹಾಡುವುದು ಅಲ್ಲಿ ಸಾಧ್ಯವಾಗುವುದಿಲ್ಲ. ಅಂತಹ ಮನೆಗಳಲ್ಲಿ ತಂದೆತಾಯಿಗಳು ಪಕ್ಕದಲ್ಲಿ ಕುಳಿತು ತಾಳವನ್ನು ಹಾಕುವುದು ಇನ್ನೂ ಅವಶ್ಯಕ.

ಎಲ್ಲ ಮಕ್ಕಳೂ ವಿದ್ವಾಂಸರಾಗುವುದಿಲ್ಲ, ಆಗಬೇಕಾದುದೂ ಇಲ್ಲ. ಓದು, ಉದ್ಯೋಗ, ಮದುವೆಗಳ ನಡುವೆ ಪಾಠವು ನಿಂತುಹೋಗುವುದು ಅನೇಕರ ಪಾಡು. ಕೃತಿಗಳನ್ನು ಮಾತ್ರ ಕಲಿತವರಿಗೆ ಹತ್ತು ವರ್ಷಗಳಲ್ಲಿ ಅವು ಒಂದೊಂದಾಗಿ ಮರೆತುಹೋಗುತ್ತವೆ. ಮರಳಿ ತರುವ ದಾರಿಯು ಅವರಿಗೆ ತಿಳಿಯದು. ಕೆಳಗಿನ ಮೆಟ್ಟಿಲುಗಳು ಗಟ್ಟಿಯಾಗಿರುವವರು ನಲವತ್ತನೆಯ ವಯಸ್ಸಿನಲ್ಲಿಯೂ ಮತ್ತೆ ಶ್ರುತಿ ಹಿಡಿದು ಕುಳಿತು, ಕೇಳಿದ ಕೃತಿಗೆ ತಾವೇ ಸ್ವರವನ್ನು ಬರೆದುಕೊಂಡು ಕಲಿಯಬಲ್ಲರು. ಮಗಳಿಗೆ ಕೊಡುವ ವಿದ್ಯೆಯು ಹೀಗೆ ಅವಳ ಬಳಿ ಉಳಿಯಬೇಕೆಂಬುದು ನಮ್ಮ ಆಶಯ. ಆದಕಾರಣ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಗುರುಗಳನ್ನು "ಎಷ್ಟು ಕೃತಿಗಳಾದವು?" ಎಂದು ಕೇಳುವುದನ್ನು ಬಿಟ್ಟು, ಈ ಸಂಜೆ ಹತ್ತು ನಿಮಿಷ ಮಗುವಿನ ಎದುರಿಗೆ ಕುಳಿತು, ಅದು ಇಂದು ಕಲಿತ ವರಸೆಯನ್ನು ಮೂರು ಕಾಲಗಳಲ್ಲಿಯೂ ಪೂರ್ತಿಯಾಗಿ ಕೇಳಿರಿ.